ಅಟ್ಟೆಗೆ ಇವತ್ತು ಎಷ್ಟು? ವಿಶೇಷ ಅಗತ್ಯವುಳ್ಳ ಪುಟ್ಟ ಮಕ್ಕಳ ಪ್ರಾಜೆಕ್ಟ್ ಪಾಠ

ಭಾನುವಾರ ಸಂಜೆ ಉಡುಪಿಯ ಯಾವುದಾದರೂ ಸ್ಟೇಷನರಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಥರ್ಮಾಕೋಲ್ ಹಾಳೆ, ಬಣ್ಣದ ಕಾಗದ, ಅಂಟಿನ ಬಾಟಲಿ ಹಿಡಿದ ಅಪ್ಪ ಅಮ್ಮಂದಿರು ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಮರುದಿನ ಮಗುವಿಗೆ ‘ಪ್ರಾಜೆಕ್ಟ್’ ಇದೆ. ರಾತ್ರಿ ಹತ್ತೂವರೆಗೆ ಅಮ್ಮ ಜ್ವಾಲಾಮುಖಿಗೆ ಕೆಂಪು ಬಣ್ಣ ಬಳಿಯುತ್ತಿರುತ್ತಾರೆ, ಮಗು ಮಲಗಿ ಗಂಟೆಯಾಗಿರುತ್ತದೆ.

ನಮ್ಮಲ್ಲಿ ಆ ಪದ ಕೆಟ್ಟದ್ದು ಹೀಗೆ. ಅದಕ್ಕೇ, ಮಾತು ತಡವಾದ, ಕೈ ಸ್ವಾಧೀನವಿಲ್ಲದ ಅಥವಾ ಆಟಿಸಂ ಇರುವ ಐದಾರು ವರ್ಷದ ಮಗುವಿಗೆ ಪ್ರಾಜೆಕ್ಟ್ ಮೂಲಕ ಕಲಿಸೋಣ ಎಂದರೆ ಹೆತ್ತವರ ಮುಖ ಇಳಿಯುತ್ತದೆ. “ಅವನಿಗೆ ಪೆನ್ಸಿಲ್ ಹಿಡಿಯಲಿಕ್ಕೇ ಬರುವುದಿಲ್ಲ ಟೀಚರ್, ಪ್ರಾಜೆಕ್ಟ್ ಎಲ್ಲಿಂದ ಮಾಡುವುದು?” ಎಂದು ಕೇಳುತ್ತಾರೆ. ಕಾಪು ಕಡೆಯ ಶಾಲೆಗಳಿಗೆ ವಿಶೇಷ ಶಿಕ್ಷಕಿಯಾಗಿ ಹೋಗಿಬರುವ ನಾನು ಈ ಪ್ರಶ್ನೆಗೆ ವರ್ಷಗಳಿಂದ ತುಂಡು ತುಂಡಾಗಿ ಉತ್ತರ ಹೇಳುತ್ತ ಬಂದಿದ್ದೇನೆ. ಒಮ್ಮೆ ಕುಳಿತು ಪೂರ್ತಿಯಾಗಿ ಹೇಳುವ ಪ್ರಯತ್ನ ಇದು.

ಪ್ರಾಜೆಕ್ಟ್ ಎಂದರೆ ಮಾಡಿ ಒಪ್ಪಿಸುವ ವಸ್ತುವಲ್ಲ, ಮಕ್ಕಳು ಹಲವು ದಿನ ಬೆನ್ನು ಹತ್ತಿ ಹೋಗುವ ಒಂದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ದಾರಿಯಲ್ಲಿ ಎಣಿಕೆ, ಮಾತು, ಕೈಕೆಲಸ, ಸರದಿ ಕಾಯುವುದು ಎಲ್ಲ ಬೇಕಾಗುತ್ತವೆ, ಬೇಕಾದಾಗಲೇ ಕಲಿಯಲೂಬೇಕಾಗುತ್ತದೆ. ಈ ಆಲೋಚನೆ ಹೊಸದಲ್ಲ. ಅಮೆರಿಕದ ಜಾನ್ ಡ್ಯೂಯಿಯ ಚಿಂತನೆಯ ಜಾಡಿನಲ್ಲಿ ಬಂದ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಇದರ ಬಗ್ಗೆ ‘ಪ್ರಾಜೆಕ್ಟ್ ಪದ್ಧತಿ’ ಎಂಬ ಪ್ರಬಂಧ ಬರೆದರು. ಬಿ.ಎಡ್. ಓದಿದವರೆಲ್ಲ ಇದನ್ನು ‘ಯೋಜನಾ ಪದ್ಧತಿ’ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿರುತ್ತೇವೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೂಡ ಕೈಕೆಲಸವನ್ನೇ ಪಾಠದ ನಡುಗಂಬ ಮಾಡಿಕೊಂಡಿತ್ತು. ನಮ್ಮ ಮಗ್ಗುಲಲ್ಲೇ, ಪುತ್ತೂರಿನ ಬಾಲವನದಲ್ಲಿ, ಕೋಟದ ಶಿವರಾಮ ಕಾರಂತರು ಮಕ್ಕಳ ಕಲಿಕೆಯನ್ನು ಗೋಡೆಯಿಂದಾಚೆ ತಂದು ಪ್ರಯೋಗ ಮಾಡಿದ್ದರು. ಪುಟ್ಟ ಮಕ್ಕಳ ತರಗತಿಗೆ ಇದನ್ನು ಹೊಂದಿಸಿಕೊಟ್ಟವರು ಲಿಲಿಯನ್ ಕ್ಯಾಟ್ಜ್ ಮತ್ತು ಸಿಲ್ವಿಯಾ ಚಾರ್ಡ್. ಮಕ್ಕಳಿಗೆ ಈಗಾಗಲೇ ಏನು ಗೊತ್ತು, ಏನು ತಿಳಿಯಬೇಕಿದೆ ಎಂದು ಕಂಡುಕೊಳ್ಳುವುದು, ಹೊರಗೆ ಹೋಗಿ ನೋಡಿ ಮುಟ್ಟಿ ಕೇಳಿ ಬರುವುದು, ಕಂಡದ್ದನ್ನು ಇತರರಿಗೆ ತೋರಿಸುವುದು ಎಂದು ಅವರು ಅದನ್ನು ಮೂರು ಹಂತ ಮಾಡಿದರು. ಸಿದ್ಧಾಂತ ಇಷ್ಟು ಸಾಕು. ಇನ್ನು ನಮ್ಮ ಮಲ್ಲಿಗೆ ಪ್ರಾಜೆಕ್ಟಿಗೆ ಬರೋಣ.

ಬಿಚ್ಚಿದ ಮಾಲೆ

ಕಾಪು ಬಳಿಯ ಶಂಕರಪುರದ ಸುತ್ತಮುತ್ತಲ ಮನೆಗಳಲ್ಲಿ ಬೆಳಗಾಗುವುದೇ ಮಲ್ಲಿಗೆಯಿಂದ. ನಸುಕಿನಲ್ಲಿ ಮೊಗ್ಗು ಕೊಯ್ದು, ಮನೆಮಂದಿಯೆಲ್ಲ ಕುಳಿತು ಒದ್ದೆ ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಹೂ ಖರೀದಿಯ ಕಟ್ಟೆಗೆ ಕಳಿಸುತ್ತಾರೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆಯ ದರ ದಿನಕ್ಕೊಂದು. ಮದುವೆಯ ಮುಹೂರ್ತಗಳ ಸುತ್ತ ಏರುತ್ತದೆ, ಹಬ್ಬಕ್ಕೆ ಏರುತ್ತದೆ, ಹಾಗೆಯೇ ದೊಪ್ಪನೆ ಬೀಳುತ್ತದೆ. ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕ ಪಡೆದಿರುವ ಈ ಹೂವು ಮುಂಬಯಿಗೂ ಹೋಗುತ್ತದೆ. ಆದರೆ ಆ ಊರಿನ ಒಂದು ಸಣ್ಣ ಶಾಲೆಯಲ್ಲಿ ಪ್ರಾಜೆಕ್ಟ್ ಹುಟ್ಟಿದ್ದು ಇಷ್ಟು ದೊಡ್ಡ ಸಂಗತಿಗಳಿಂದಲ್ಲ. (ಮಕ್ಕಳ ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ.)

ಒಂದನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಆಟಿಸಂ ಇದೆ, ಮಾತಿಲ್ಲ. ಒಂದು ದಿನ ಟೀಚರ ಜಡೆಯಿಂದ ಜಾರಿ ಬಿದ್ದ ಹೂವಿನ ತುಂಡನ್ನು ಎತ್ತಿಕೊಂಡು ಮೂಲೆಯಲ್ಲಿ ಕುಳಿತು ಬಿಚ್ಚತೊಡಗಿದ. ಒಂದು ಮೊಗ್ಗು ತೆಗೆದ, ನಾರಿನ ಸುತ್ತನ್ನು ನೋಡಿದ, ಎಳೆದ, ಇನ್ನೊಂದು ಮೊಗ್ಗು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ನಾವು “ಹೂ ಹಾಳು ಮಾಡಬೇಡ” ಎಂದು ಕಿತ್ತುಕೊಳ್ಳುತ್ತೇವೆ. ಅಂದು ಟೀಚರ್ ಕಿತ್ತುಕೊಳ್ಳಲಿಲ್ಲ. ಸೂಜಿಯಿಲ್ಲ, ಗಂಟು ಕಾಣುವುದಿಲ್ಲ, ಆದರೂ ಬೀಳದೆ ನಿಂತಿದೆಯಲ್ಲ, ಇದನ್ನು ಹಿಡಿದಿರುವುದು ಯಾವುದು ಎಂದು ಅವನ ಬೆರಳು ಕೇಳುತ್ತಿತ್ತು.

ಪ್ರಶ್ನೆ ಬಾಯಿಂದಲೇ ಬರಬೇಕೆಂದಿಲ್ಲ. ಮಾತಿಲ್ಲದ ಮಗುವಿನ ಪ್ರಶ್ನೆಯನ್ನು ಅದರ ಕಣ್ಣು ಎಲ್ಲಿ ನಿಲ್ಲುತ್ತದೆ, ಕೈ ಯಾವುದಕ್ಕೆ ಮತ್ತೆ ಮತ್ತೆ ಹೋಗುತ್ತದೆ ಎಂಬುದರಲ್ಲಿ ಓದಬೇಕು. ‘ಮಕ್ಕಳೇ, ನಿಮಗೆ ಏನು ತಿಳಿಯಬೇಕು?’ ಎಂದು ಕೇಳಿ ಕರಿಹಲಗೆಯ ಮೇಲೆ ಪಟ್ಟಿ ಮಾಡುವ ವಿಧಾನ ಈ ಮಕ್ಕಳ ಮಟ್ಟಿಗೆ ಅಷ್ಟಾಗಿ ಫಲಿಸುವುದಿಲ್ಲ. ಎರಡು ವಸ್ತು ಮುಂದಿಟ್ಟು ಯಾವುದನ್ನು ಎತ್ತಿಕೊಳ್ಳುತ್ತದೆ ಎಂದು ನೋಡುವುದು ಫಲಿಸುತ್ತದೆ. ಮರುದಿನ ಟೀಚರ್ ಒಂದು ತಟ್ಟೆಯಲ್ಲಿ ಬಿಡಿ ಮೊಗ್ಗು, ಇನ್ನೊಂದರಲ್ಲಿ ಬಾಳೆನಾರು ತಂದಿಟ್ಟರು. ಇಪ್ಪತ್ತೆರಡು ಮಕ್ಕಳ ಆ ತರಗತಿಯಲ್ಲಿ ನಾಲ್ವರು ವಿಶೇಷ ಅಗತ್ಯವುಳ್ಳವರು. ಮಕ್ಕಳು ನುಗ್ಗಿದರು. ದಿನಕ್ಕೆ ಇಪ್ಪತ್ತು ನಿಮಿಷದಂತೆ ಪ್ರಾಜೆಕ್ಟ್ ನಾಲ್ಕು ವಾರ ನಡೆಯಿತು.

ಒಂದೇ ಕೆಲಸ, ಹಲವು ಹಿಡಿಕೆ

ಪ್ರಾಜೆಕ್ಟ್ ಈ ಮಕ್ಕಳಿಗೆ ಒಗ್ಗುವುದಕ್ಕೆ ನನ್ನ ಪ್ರಕಾರ ಮುಖ್ಯ ಕಾರಣ ಒಂದೇ: ಅದಕ್ಕೆ ಹಿಡಿಕೆಗಳು ಹಲವು. ಪುಸ್ತಕದ ಪುಟಕ್ಕೆ ಇರುವುದು ಒಂದೇ ಹಿಡಿಕೆ. ಓದು, ಬರೆ. ಅದು ಸಿಗದ ಮಗು ಹೊರಗೇ ಉಳಿಯಿತು. ಮಲ್ಲಿಗೆಯ ಕೆಲಸದಲ್ಲಿ ಮೊಗ್ಗು ಆರಿಸುವುದಿದೆ, ನಾರು ನೆನೆಸುವುದಿದೆ, ಎಣಿಸುವುದಿದೆ, ಕಟ್ಟುವುದಿದೆ, ದರ ಬರೆಯುವುದಿದೆ, ಅಜ್ಜಿಗೆ ಕೊಂಡುಹೋಗಿ ತೋರಿಸುವುದೂ ಇದೆ. ಯಾರೂ ಎಲ್ಲವನ್ನೂ ಮಾಡಬೇಕಿಲ್ಲ, ಆದರೆ ಯಾರು ಕೈಬಿಟ್ಟರೂ ಮಾಲೆ ಆಗುವುದಿಲ್ಲ.

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಒಬ್ಬಳು ಹುಡುಗಿಗೆ ಎಡಗೈ ಮುಷ್ಟಿ ಬಿಚ್ಚುವುದಿಲ್ಲ. ಹೂ ಕಟ್ಟುವುದು ಎರಡು ಕೈಯ ಕೆಲಸ. ಒಂದು ಮಣೆಗೆ ಬಟ್ಟೆ ಒಣಹಾಕುವ ಕ್ಲಿಪ್ ಬಿಗಿದು, ನಾರಿನ ಒಂದು ತುದಿಯನ್ನು ಅದಕ್ಕೆ ಸಿಕ್ಕಿಸಿದೆವು. ಕ್ಲಿಪ್ ಅವಳ ಎಡಗೈಯಾಯಿತು. ಅದಕ್ಕಿಂತ ಮೊದಲು ಮಾಡಿದ್ದು ಇನ್ನೂ ಸಣ್ಣ ಕೆಲಸ: ತೂಗಾಡುತ್ತಿದ್ದ ಅವಳ ಕಾಲಿನ ಕೆಳಗೆ ಎರಡು ಹಳೆಯ ಇಟ್ಟಿಗೆ ಇಟ್ಟು, ಬಟ್ಟೆ ಸುತ್ತಿದ್ದು. ಪಾದ ಊರಿದರೆ ಸೊಂಟ ನಿಲ್ಲುತ್ತದೆ, ಸೊಂಟ ನಿಂತರೆ ಕೈಗೆ ಬಿಡುವು ಸಿಗುತ್ತದೆ. ಫಿಸಿಯೋಥೆರಪಿ ಕೋಣೆಯಲ್ಲಿ ಕೈ ಚಾಚಲು ಅಳುತ್ತಿದ್ದ ಅದೇ ಹುಡುಗಿ ಇಲ್ಲಿ ಮೊಗ್ಗಿನ ತಟ್ಟೆಗೆ ತಾನಾಗಿ ಕೈ ಚಾಚಿದಳು. ತಟ್ಟೆಯನ್ನು ಅವಳ ಥೆರಪಿಸ್ಟ್ ಹೇಳಿದಷ್ಟೇ ದೂರದಲ್ಲಿ ಇಟ್ಟಿದ್ದೆವು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಡೌನ್ ಸಿಂಡ್ರೋಮ್ ಇರುವ ಹುಡುಗ ಎಣಿಕೆಯವನಾದ. ಈ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಕೇಳಿದ್ದನ್ನು ನೆನಪಿಡುವುದಕ್ಕಿಂತ ನೋಡಿದ್ದನ್ನು ನೆನಪಿಡುವುದು ಸುಲಭ. ಕಿವಿಯ ತೊಂದರೆಯೂ ಇವರಲ್ಲಿ ಸಾಮಾನ್ಯ. ಹಾಗಾಗಿ ‘ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ’ ಎಂದು ಹತ್ತು ಸಲ ಹೇಳುವ ಬದಲು ನಾಲ್ಕು ಗುಳಿಯ ಒಂದು ಟ್ರೇ ಕೊಟ್ಟೆವು. ನಿಜವಾದ ಚೆಂಡಿಗೆ ಸುಮಾರು ಎಂಟುನೂರು ಮೊಗ್ಗು ಬೇಕು. ನಮ್ಮ ಚೆಂಡಿಗೆ ಎಂಟೇ ಮೊಗ್ಗು. ಗುಳಿ ತುಂಬಿದರೆ ಅಟ್ಟೆ ಆಯಿತು. ಒಂದು ಗುಳಿ ಖಾಲಿ ಇದ್ದರೆ ಅವನು ಟ್ರೇಯನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ನಾಲ್ಕು ಎಂಬುದು ಅವನಿಗೆ ಅರ್ಥವಾಯಿತೇ ಎಂಬ ಪರೀಕ್ಷೆಗೆ ಬೇರೆ ಪ್ರಶ್ನೆಪತ್ರಿಕೆ ಬೇಕಾಗಲಿಲ್ಲ.

ಇನ್ನು ಮಾತು ತಡವಾದ ಪುಟ್ಟಿಯ ವಿಷಯ. ಅವಳ ಮನೆಮಾತು ತುಳು. ತುಳುವಿನಲ್ಲಿ ಹೂವಿಗೆ ‘ಪೂ’. ‘ಪ’ ಹೇಳುವಾಗ ಎರಡು ತುಟಿ ಕೂಡಿ ಬಿಚ್ಚುವುದು ಎದುರಿಗಿರುವ ಮಗುವಿನ ಕಣ್ಣಿಗೆ ಕಾಣುತ್ತದೆ. ‘ಹ’ ಬರಿಯ ಉಸಿರು, ಕಾಣುವಂಥದ್ದು ಏನೂ ಇಲ್ಲ. ಎರಡನೆಯ ವಾರ ಪುಟ್ಟಿ ತಟ್ಟೆ ತೋರಿಸಿ “ಪೂ” ಎಂದಳು. ಶಾಲೆಯಲ್ಲಿ ಅವಳು ಆಡಿದ ಮೊದಲ ಸ್ಪಷ್ಟ ಶಬ್ದ. ಅಲ್ಲೇ ಇದ್ದ ಹಿರಿಯರೊಬ್ಬರು “ಪೂ ಅಲ್ಲ ಮಗಾ, ಹೂವು ಹೇಳು” ಎಂದು ತಿದ್ದಿದರು. ಪುಟ್ಟಿ ಬಾಯಿ ಮುಚ್ಚಿದವಳು ಆ ದಿನ ಮತ್ತೆ ತೆರೆಯಲಿಲ್ಲ.

ಇಲ್ಲಿ ಸ್ವಲ್ಪ ಜಗಳ ಆಡಲೇಬೇಕು. ಮಗುವಿಗೆ ಮಾತು ತಡವಾದರೆ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಬಿಟ್ಟು ಒಂದೇ ಭಾಷೆ ಮಾತನಾಡಿ, ಅದೂ ಇಂಗ್ಲಿಷ್ ಆದರೆ ಒಳ್ಳೆಯದು ಎಂಬ ಸಲಹೆ ನಮ್ಮ ಜಿಲ್ಲೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ, ಇರುವ ತೊಂದರೆ ಹೆಚ್ಚುವುದೂ ಇಲ್ಲ. ಅಜ್ಜಿಯ ಭಾಷೆಯನ್ನು ಕಿತ್ತುಕೊಂಡರೆ ಮಗುವಿನ ಜತೆ ದಿನವಿಡೀ ಮಾತನಾಡುವ ಒಂದು ಬಾಯಿಯನ್ನೇ ಕಿತ್ತುಕೊಂಡ ಹಾಗೆ. ಪ್ರಾಜೆಕ್ಟಿನ ಒಂದು ಉಪಕಾರವೆಂದರೆ ವಸ್ತು ಮನೆಯದ್ದಾದ್ದರಿಂದ ಮನೆಯ ಪದವೂ ಅದರ ಜತೆಗೇ ತರಗತಿಗೆ ನಡೆದುಬರುತ್ತದೆ. ನಮ್ಮ ಗೋಡೆಯ ಚಿತ್ರದ ಕೆಳಗೆ ಹೂವು, ಪೂ ಎರಡನ್ನೂ ಬರೆದೆವು. ಕೊಂಕಣಿಯ ಮಕ್ಕಳು ಬಂದು ಜಗಳ ತೆಗೆದರು. ‘ಫೂಲ್’ ಎಂಬುದನ್ನೂ ಸೇರಿಸಿದೆವು.

ಮಾಲೆ ಬಿಚ್ಚಿದ ಹುಡುಗನ ವಿಚಾರದಲ್ಲಿ ಮಾತ್ರ ನಮ್ಮ ಲೆಕ್ಕ ತಪ್ಪಿತು. ತಟ್ಟೆ ತುಂಬ ಮಲ್ಲಿಗೆ ಬಂದದ್ದೇ ಅವನು ಮೂಗು ಮುಚ್ಚಿಕೊಂಡು ಬಾಗಿಲಿಗೆ ಓಡಿದ. ನಮಗೆ ಪರಿಮಳ, ಅವನಿಗೆ ಏಟು. ಆಟಿಸಂ ಇರುವ ಅನೇಕ ಮಕ್ಕಳಿಗೆ ವಾಸನೆ, ಸದ್ದು, ಬೆಳಕು ನಮಗಿಂತ ಎಷ್ಟೋ ಪಾಲು ತೀಕ್ಷ್ಣವಾಗಿ ತಾಗುತ್ತದೆ. ಪ್ರಾಜೆಕ್ಟ್ ಹುಟ್ಟಿಸಿದವನೇ ಪ್ರಾಜೆಕ್ಟಿನಿಂದ ಹೊರಗೆ! ಅವನನ್ನು ಒತ್ತಾಯದಿಂದ ಒಳಗೆ ಕೂರಿಸಲಿಲ್ಲ. ಗಾಳಿಯಾಡುವ ಜಗಲಿಯಲ್ಲಿ ಒಂದು ಹಲಗೆ ಇಟ್ಟು, ಅಂದಿನ ಅಟ್ಟೆಯ ದರವನ್ನು ಚೀಟಿಯಲ್ಲಿ ಕೊಟ್ಟೆವು. ಅವನು ಅಂಕಿಗಳ ಪ್ರೇಮಿ ಎಂಬುದು ನಮಗೆ ಗೊತ್ತಿತ್ತು. ದರ ಬರೆಯುವುದು ಅವನ ಕೆಲಸವಾಯಿತು. ಟೀಚರ್ ದಿನದ ದರಕ್ಕೆ ಅನುಗುಣವಾದ ಉದ್ದಕ್ಕೆ ಕಾಗದದ ಪಟ್ಟಿ ಕತ್ತರಿಸಿ ಕೊಡುತ್ತಿದ್ದರು, ಅವನು ಗೋಡೆಗೆ ಸಾಲಾಗಿ ಅಂಟಿಸುತ್ತಿದ್ದ. ಹತ್ತು ದಿನದಲ್ಲಿ ಗೋಡೆಯ ಮೇಲೆ ಏರಿಳಿಯುವ ಒಂದು ನಕ್ಷೆ ಎದ್ದು ನಿಂತಿತು. ಎತ್ತರದ ಪಟ್ಟಿಯನ್ನು ತೋರಿಸಿ, ಅವತ್ತು ನಮ್ಮ ಚಿಕ್ಕಮ್ಮನ ಮದುವೆ ಇತ್ತು ಎಂದು ಒಬ್ಬಳು ಹೇಳಿದಾಗ ಇಡೀ ತರಗತಿ ಆ ಗೋಡೆಯ ಮುಂದೆ ನೆರೆಯಿತು.

ಬಿಟ್ಟುಬಿಟ್ಟರೆ ಕಲಿಯುವುದಿಲ್ಲ

ಇಷ್ಟು ಓದಿ, ಮಕ್ಕಳನ್ನು ಹೂವಿನ ಮುಂದೆ ಬಿಟ್ಟರೆ ಸಾಕು, ತಾವಾಗಿ ಕಲಿಯುತ್ತಾರೆ ಎಂದುಕೊಂಡರೆ ಕೆಟ್ಟೆವು. ಪ್ರಾಜೆಕ್ಟ್ ಪದ್ಧತಿಯ ಬಗ್ಗೆ ಇರುವ ದೊಡ್ಡ ಆಕ್ಷೇಪವೂ ಇದೇ. 2006ರಲ್ಲಿ ಕಿರ್ಷ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು ಸಂಶೋಧಕರು ಮಾರ್ಗದರ್ಶನ ಕಡಿಮೆ ಇರುವ ಕಲಿಕೆ ಹೊಸಬರಿಗೆ ಫಲ ಕೊಡುವುದಿಲ್ಲ ಎಂದು ಖಾರವಾಗಿಯೇ ವಾದಿಸಿದರು. ಏನೂ ಗೊತ್ತಿಲ್ಲದವನ ಕೆಲಸದ ನೆನಪು, ಅಂದರೆ ಆ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ, ಚಿಕ್ಕ ಚೀಲ. ಹೊಸ ಜಾಗ, ಹೊಸ ವಸ್ತು, ಹೊಸ ಕೆಲಸ ಎಲ್ಲವನ್ನೂ ಒಟ್ಟಿಗೆ ತುಂಬಿದರೆ ಹರಿಯುತ್ತದೆ. ಅವರ ವಾದಕ್ಕೆ ಪ್ರತಿವಾದಗಳು ಬಂದಿವೆ. ನನ್ನ ಮಕ್ಕಳ ಮಟ್ಟಿಗೆ ಹೇಳುವುದಾದರೆ ಆ ಎಚ್ಚರಿಕೆ ಎರಡು ಪಟ್ಟು ನಿಜ. ಪ್ರಶ್ನೆ ಮಕ್ಕಳದ್ದಿರಲಿ, ಉತ್ತರದ ದಾರಿಯ ಮೆಟ್ಟಿಲುಗಳನ್ನು ಕಡಿದು ಕೊಡಬೇಕಾದವರು ನಾವು.

ಹೂ ಕಟ್ಟುವುದನ್ನೇ ನೋಡಿ. ಬಾಲ್ಯದಿಂದ ಕಟ್ಟಿದವರಿಗೆ ಅದು ಒಂದೇ ಚಲನೆ. ಶಾಲೆಗೆ ಬಂದು ತೋರಿಸಿದ ಮಲ್ಲಿಗೆ ತೋಟದ ಬಾಯಮ್ಮ “ಹೀಗೆ, ಹೀಗೆ” ಎಂದರು, ನಾನು ಮೂರು ಸಲ ನೋಡಿದರೂ ನನಗೆ ತಿಳಿಯಲಿಲ್ಲ. ಮೊಬೈಲಿನಲ್ಲಿ ವಿಡಿಯೋ ಮಾಡಿ ನಿಧಾನಕ್ಕೆ ಓಡಿಸಿದಾಗ ಏಳು ಹೆಜ್ಜೆ ಸಿಕ್ಕವು: ನಾರು ಹಿಡಿ, ಎರಡು ಮೊಗ್ಗು ಎದುರುಬದುರು ಇಡು, ತೊಟ್ಟು ಒತ್ತು, ನಾರು ಸುತ್ತು, ಕುಣಿಕೆ ಮಾಡು, ಕುಣಿಕೆಯನ್ನು ತೊಟ್ಟಿಗೆ ತೊಡಿಸು, ಎಳೆ. ಕೆಲಸವನ್ನು ಹೀಗೆ ಬಿಡಿಸಿಕೊಳ್ಳುವುದು ವಿಶೇಷ ಶಿಕ್ಷಣದ ಹಳೆಯ ಉಪಕರಣ.

ಇನ್ನೊಂದು ಉಪಕರಣ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಏಳು ಹೆಜ್ಜೆಗಳಲ್ಲಿ ಮೊದಲು ಕಲಿಸುವುದು ಏಳನೆಯದನ್ನು. ಆರು ಹೆಜ್ಜೆ ನಾವು ಮಾಡಿ ಕೊಡುತ್ತೇವೆ, ಮಗು ಬರಿದೇ ನಾರು ಎಳೆಯುತ್ತದೆ. ಕುಣಿಕೆ ಬಿಗಿಯುತ್ತದೆ, ಮೊಗ್ಗು ನಿಲ್ಲುತ್ತದೆ. ಕಟ್ಟಿದವಳು ಯಾರು? ಅವಳೇ. ಅದು ಕೈಗೆ ಹತ್ತಿದ ಮೇಲೆ ಆರನೆಯದು ಮತ್ತು ಏಳನೆಯದು, ಆಮೇಲೆ ಐದರಿಂದ. ಮೊದಲ ಹೆಜ್ಜೆಯಿಂದ ಹೊರಟರೆ ಮಗು ನಾರು ಹಿಡಿದು ಕೂರುತ್ತದೆ, ಉಳಿದದ್ದನ್ನು ದೊಡ್ಡವರು ಮುಗಿಸುತ್ತಾರೆ, ಮುಗಿಸಿದ ಖುಷಿ ದೊಡ್ಡವರ ಪಾಲಾಗುತ್ತದೆ. ಅಂಗಿಯ ಗುಂಡಿ ಹಾಕುವುದಕ್ಕೂ ಚಪ್ಪಲಿ ಮೆಟ್ಟುವುದಕ್ಕೂ ಇದೇ ಉಪಾಯ. ಮನೆಯಲ್ಲಿ ಇವತ್ತೇ ಮಾಡಿ ನೋಡಬಹುದು.

ಸಹಾಯ ಮಾಡುವುದಕ್ಕಿಂತ ಸಹಾಯ ಹಿಂತೆಗೆಯುವುದು ಕಷ್ಟದ ವಿದ್ಯೆ. ಮೊದಲು ಮಗುವಿನ ಕೈಯ ಅಡಿಗೆ ನಮ್ಮ ಕೈ, ನಂತರ ಮೊಣಕೈಗೆ ಒಂದು ಸ್ಪರ್ಶ, ನಂತರ ಬೆರಳು ತೋರಿಸುವುದು, ಕೊನೆಗೆ ಬರೀ ಕಾಯುವುದು. ಕೈಯ ಮೇಲೆ ಕೈಯಿಟ್ಟು ಮಾಡಿಸುವ ಹಳೆಯ ಅಭ್ಯಾಸ ನನಗೆ ಇಷ್ಟವಿಲ್ಲ. ಮೇಲಿಂದ ಹಿಡಿದರೆ ಮಗು ಕೈ ಸೆಳೆಯುತ್ತದೆ, ಅಡಿಯಿಂದ ಕೊಟ್ಟರೆ ಬೇಕೆಂದಾಗ ಬಿಟ್ಟುಹೋಗುವ ಸ್ವಾತಂತ್ರ್ಯ ಅದಕ್ಕಿರುತ್ತದೆ. ಕಾಯುವುದಂತೂ ನಮಗೆ ಆಗಿಬರುವುದೇ ಇಲ್ಲ. ಮನಸ್ಸಿನಲ್ಲಿ ನಿಧಾನಕ್ಕೆ ಹತ್ತು ಎಣಿಸಿ ಎಂದು ಟೀಚರಿಗೆ ಹೇಳಿದ್ದೆ. ನಾಲ್ಕಕ್ಕೇ ಅವರ ಕೈ ಮುಂದೆ ಹೋಗುತ್ತಿತ್ತು. ನನ್ನದೂ ಹೋಗುತ್ತಿತ್ತು.

ಪಾಠದ ಗುರಿಯನ್ನು ಕೆಲಸದೊಳಗೆ ಹೆಣೆಯಲು ನಾನು ಇಟ್ಟುಕೊಂಡದ್ದು ಒಂದು ರೂಲ್ಡ್ ಪುಸ್ತಕದ ಒಂದೇ ಪುಟ. ಎಡಕ್ಕೆ ನಾಲ್ಕು ಮಕ್ಕಳು, ಮೇಲೆ ಅಂದಿನ ಚಟುವಟಿಕೆಗಳು. ಪ್ರತಿ ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ ಇರುತ್ತದೆ. ಮುಂದಿನ ಕೆಲವು ತಿಂಗಳಲ್ಲಿ ಈ ಮಗು ಏನೇನು ಕಲಿಯಬೇಕು ಎಂಬ ಬರಹ ಅದು. ಅದರಲ್ಲಿನ ಗುರಿಯನ್ನು ಹೊಂದುವ ಚೌಕದಲ್ಲಿ ಚಿಕ್ಕದಾಗಿ ಬರೆಯುವುದು. ‘ನಾರು ನೆನೆಸುವಾಗ: ಬೇಕು ಎಂಬ ಚಿತ್ರ ಕೊಟ್ಟು ಕೇಳಬೇಕು.’ ‘ಹೂ ಹಂಚುವಾಗ: ಸರದಿ ಕಾಯಬೇಕು.’ ಸಂಜೆ ಎಷ್ಟು ಸಲ ಅವಕಾಶ ಸಿಕ್ಕಿತು, ಎಷ್ಟು ಸಲ ಸಹಾಯವಿಲ್ಲದೆ ಆಯಿತು ಎಂದು ಗೀಟು ಹಾಕುವುದು. ಒಂದು ವಾರವಿಡೀ ಒಂದು ಮಗುವಿನ ಸಾಲಿನಲ್ಲಿ ಗೀಟೇ ಬಿದ್ದಿಲ್ಲವೆಂದರೆ ಆ ಮಗು ಗುಂಪಿನಲ್ಲಿ ಸುಮ್ಮನೆ ಕುಳಿತಿದೆ, ನಾವು ಅದನ್ನೇ ‘ಭಾಗವಹಿಸುವಿಕೆ’ ಎಂದು ಕರೆಯುತ್ತಿದ್ದೇವೆ ಎಂದರ್ಥ. ಎಲ್ಲ ಮಕ್ಕಳನ್ನೂ ಒಂದೇ ತರಗತಿಯಲ್ಲಿ ಕಲಿಸುವ ಸಮನ್ವಯ ಶಿಕ್ಷಣದ ಹೆಸರಿನಲ್ಲಿ ಇದು ಎಷ್ಟು ಕಡೆ ನಡೆಯುತ್ತಿದೆ ಎಂದು ಹೇಳಹೊರಟರೆ ಲೇಖನ ಬೇರೆ ಕಡೆ ಹೋಗುತ್ತದೆ.

ಚಿತ್ರದಲ್ಲಿ ಇಲ್ಲದ ನಾಯಿ

ಎರಡನೆಯ ಹಂತ, ಹೊರಗೆ ಹೋಗಿ ನೋಡಿ ಬರುವುದು. ಬಾಯಮ್ಮನ ತೋಟ ಶಾಲೆಯಿಂದ ಹತ್ತು ನಿಮಿಷದ ನಡಿಗೆ. ಬದಲಾವಣೆಗೆ ಹೆದರುವ ಮಕ್ಕಳಿಗೆ ಹೋಗುವ ಜಾಗವನ್ನು ಮೊದಲೇ ಚಿತ್ರದಲ್ಲಿ ತೋರಿಸಿ ಪರಿಚಯ ಮಾಡಿಸಬೇಕು. ನಾನು ಹಿಂದಿನ ದಿನ ಹೋಗಿ ಗೇಟು, ಬಾವಿ, ಮಲ್ಲಿಗೆ ಸಾಲು, ಬಾಯಮ್ಮ ಎಲ್ಲರ ಫೋಟೋ ತೆಗೆದು, ಕ್ರಮವಾಗಿ ಅಂಟಿಸಿ, ದರದ ಹುಡುಗನಿಗೆ ನಾಲ್ಕು ಸಲ ತೋರಿಸಿದ್ದೆ. ಗೇಟು ಸರಿ ಬಂತು. ಬಾವಿ ಸರಿ ಬಂತು. ಮಲ್ಲಿಗೆ ಸಾಲಿನ ಹಿಂದಿನಿಂದ ಒಂದು ಕಂದು ನಾಯಿ ಬಂತು. ಹಿಂದಿನ ದಿನ ಅದನ್ನು ಕಟ್ಟಿ ಹಾಕಿದ್ದರು, ನನ್ನ ಚಿತ್ರದಲ್ಲಿ ಅದು ಇರಲಿಲ್ಲ. ಹುಡುಗ ನೆಲಕ್ಕೆ ಬಿದ್ದು ಕಿರುಚಿದ. ಅರ್ಧ ಗಂಟೆ ಹೋಯಿತು, ಉಳಿದ ಮಕ್ಕಳ ಉತ್ಸಾಹವೂ ಹೋಯಿತು. ತಪ್ಪು ನಾಯಿಯದ್ದಲ್ಲ.

ಆಮೇಲೆ ನಮ್ಮ ಚಿತ್ರ ದಿನಚರಿಯಲ್ಲಿ ಒಂದು ಹಳದಿ ಕಾರ್ಡ್ ಸೇರಿಸಿದೆವು. ಅದರಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಿಟ್ಟರೆ ಬೇರೇನೂ ಇಲ್ಲ. ಹಳದಿ ಬಂದರೆ ಗೊತ್ತಿಲ್ಲದ್ದು ಏನೋ ಬರಲಿದೆ ಎಂದು. ಮೊದಲು ಖುಷಿಯ ಸಂಗತಿಗಳಿಗೆ ಮಾತ್ರ ಅದನ್ನು ಬಳಸಿದೆವು: ಹಳದಿ ಕಾರ್ಡ್, ನಂತರ ಗುಳ್ಳೆ ಊದುವುದು. ಹಳದಿ ಕಾರ್ಡ್, ನಂತರ ಚಿಕ್ಕಿ. ಎರಡನೆಯ ಸಲ ತೋಟಕ್ಕೆ ಹೋದಾಗ ನಾಯಿ ಮತ್ತೆ ಬಂತು. ಅವನು ಕಾರ್ಡನ್ನು ನನ್ನ ಕೈಯಿಂದ ಕಿತ್ತು ಎದೆಗೆ ಒತ್ತಿಕೊಂಡು ನಿಂತ. ನಿಂತ, ಅಷ್ಟೇ. ನನಗೆ ಅದು ಬೇಕಾದಷ್ಟಾಯಿತು.

“ಬರೆಯುವುದು ಯಾವಾಗ?”

ಹೆತ್ತವರು ಕೇಳಿಯೇ ಕೇಳುತ್ತಾರೆ. ಥೆರಪಿ ಕೋಣೆಯ ಮೇಜಿನ ಮೇಲೆ ಕಲಿತದ್ದು ಮೇಜಿನ ಮೇಲೆಯೇ ಉಳಿಯುವುದು ಈ ಮಕ್ಕಳ ದೊಡ್ಡ ತೊಡಕು. ಕಾರ್ಡಿನಲ್ಲಿ ‘4’ ಗುರುತಿಸುವ ಮಗು ನಾಲ್ಕು ಬಿಸ್ಕತ್ತು ಕೊಡು ಎಂದರೆ ಮುಖ ನೋಡುತ್ತದೆ. ಕಲಿತದ್ದನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಸಾಗಿಸುವುದು ತಾನಾಗಿ ಆಗುವುದಿಲ್ಲ, ಆದ್ದರಿಂದ ಬೇಕಾಗುವ ಜಾಗದಲ್ಲೇ ಕಲಿಸುವುದು ಲಾಭ. ಹಾಗೆಂದು ಮೇಜು ಬೇಡವೆಂದಲ್ಲ. ಅಕ್ಷರ, ಅಂಕಿಗೆ ದಿನಾ ಹತ್ತು ನಿಮಿಷದ ಬಿಗಿಯಾದ ಪಾಠ ಬೇಕೇ ಬೇಕು. ಪ್ರಾಜೆಕ್ಟ್ ಅದಕ್ಕೆ ಬದಲಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಾನೂನಿನ ಆಸರೆಯೂ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016, ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ, ತನಗೆ ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತವೆಂದು ಕರೆದು ಆಟ, ಚಟುವಟಿಕೆಗಳ ಮೂಲಕ ಕಲಿಸಿ ಎಂದಿದೆ. ಅಂಗನವಾಡಿಗೆ ಹೋಗುವ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಬಾರಿ ತಪಾಸಣೆ ಮಾಡಬೇಕು. ಮಗುವಿನ ಬಗ್ಗೆ ಸಂಶಯವಿದ್ದರೆ ಆ ದಿನ ತಪ್ಪಿಸಬೇಡಿ. ಕಾಗದದಲ್ಲಿ ಇಷ್ಟೆಲ್ಲ ಇದ್ದರೂ ಒಬ್ಬ ಟೀಚರ್ ಮತ್ತು ಮೂವತ್ತು ಮಕ್ಕಳಿರುವ ಕೋಣೆಯಲ್ಲಿ ಇದು ನಡೆಯುವುದಿಲ್ಲ ಎಂಬುದೂ ನಿಜ. ನಮಗೆ ನಡೆದದ್ದು ನಾನು ವಾರಕ್ಕೆ ಎರಡು ದಿನ ಇದ್ದುದರಿಂದ, ಬಿಸಿಯೂಟದ ಅಕ್ಕ ಅಡುಗೆ ಮುಗಿಸಿ ಬಂದು ಕೂರುತ್ತಿದ್ದುದರಿಂದ, ಮತ್ತು ತರಗತಿಯ ಉಳಿದ ಮಕ್ಕಳಿಂದ. ಆರು ವರ್ಷದ ಗೆಳತಿ ಹತ್ತು ಎಣಿಸುವವರೆಗೂ ಕಾಯುತ್ತಾಳೆ, ನಮ್ಮ ಹಾಗೆ ಅವಸರ ಮಾಡುವುದಿಲ್ಲ.

ಶಾಲೆಗೆ ಬರಲಾಗದ, ಮನೆಯಲ್ಲೇ ಮಲಗಿರುವ ಮಕ್ಕಳಿಗೂ ಪ್ರಾಜೆಕ್ಟ್ ಸಾಧ್ಯ. ಗೃಹಾಧಾರಿತ ಶಿಕ್ಷಣಕ್ಕೆಂದು ನಾನು ಹೋಗುವ ಒಂದು ಮನೆಯಲ್ಲಿ, ತುಳುವರ ಮಳೆಗಾಲದ ತಿಂಗಳಾದ ಆಟಿಯ ಪ್ರಾಜೆಕ್ಟ್ ಮಳೆ. ಮಗುವಿಗೆ ಬಹುವಿಧ ವೈಕಲ್ಯ, ಕಣ್ಣು ಮಸುಕು. ತಗಡಿನ ಸೂರಿಗೆ ಬೀಳುವ ಮಳೆ, ಹಂಚಿಗೆ ಬೀಳುವ ಮಳೆ, ಕೊಡೆಗೆ ಬೀಳುವ ಮಳೆ. ಸದ್ದು ನಿಂತ ಕೂಡಲೇ ಅದು ತಲೆ ತಿರುಗಿಸುತ್ತದೆಯೇ ಎಂಬುದೇ ನಮ್ಮ ಪ್ರಶ್ನೆ. ಅಂಗೈಗೆ ಸೂರಿನ ನೀರು ಬಿಟ್ಟರೆ ನಗುತ್ತದೆ. ಖರ್ಚು ಏನೂ ಇಲ್ಲ, ಮಳೆಗಂತೂ ನಮ್ಮಲ್ಲಿ ಬರ ಇಲ್ಲ.

ಮಲ್ಲಿಗೆ ಪ್ರಾಜೆಕ್ಟಿನ ಕೊನೆಯ ದಿನ ವೇದಿಕೆ, ಭಾಷಣ ಇಟ್ಟುಕೊಳ್ಳಲಿಲ್ಲ. ಇಟಲಿಯ ರೆಜ್ಜೊ ಎಮೀಲಿಯಾ ಪಟ್ಟಣದ ಶಿಶುಶಾಲೆಗಳಲ್ಲಿ ಮಕ್ಕಳ ಕೆಲಸದ ಹೆಜ್ಜೆಗಳನ್ನೇ ಫೋಟೋ, ಬರಹಗಳಾಗಿ ಗೋಡೆಗೆ ಹಚ್ಚುತ್ತಾರೆ. ಅಲ್ಲಿ ಇಂಥ ಮಕ್ಕಳನ್ನು ‘ವಿಶೇಷ ಹಕ್ಕುಳ್ಳ ಮಕ್ಕಳು’ ಎನ್ನುತ್ತಾರೆ. ಹೆಸರು ನಮಗೆ ಬಂದಿಲ್ಲ, ಗೋಡೆಯ ಉಪಾಯವನ್ನು ಎರವಲು ತಂದೆವು. ಜಗಲಿಯಲ್ಲಿ ಒಂದು ಮೇಜು ಹಾಕಿ, ಎಂಟು ಮೊಗ್ಗಿನ ಮಾಲೆಗಳನ್ನು ಮಾರಾಟಕ್ಕಿಟ್ಟೆವು. ಪುಟ್ಟಿ ಬಂದವರಿಗೆಲ್ಲ “ಪೂ” ಎಂದು ಕೊಟ್ಟಳು. ಈ ಸಲ ಯಾರೂ ತಿದ್ದಲಿಲ್ಲ. ಬಾಯಮ್ಮ ಒಂದು ಮಾಲೆ ಎತ್ತಿ, ಬೆಳಕಿಗೆ ಹಿಡಿದು, “ಸಡಿಲ ಆಗಿದೆ” ಎಂದು ವ್ಯಾಪಾರಿಯ ಗಾಂಭೀರ್ಯದಲ್ಲೇ ಹೇಳಿ, ಬಿಗಿಯಾದ ಇನ್ನೊಂದನ್ನು ಆರಿಸಿಕೊಂಡರು. ಅದು ಕ್ಲಿಪ್ಪಿನ ಮಣೆಯ ಮೇಲೆ ಕಟ್ಟಿದ್ದು.

ದರದ ಹುಡುಗನ ತಾಯಿ ಮೊನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ಪ್ರಾಜೆಕ್ಟ್ ಮುಗಿದು ತಿಂಗಳುಗಳಾದವು. ಮನೆಯ ಫ್ರಿಜ್ಜಿನ ಬಾಗಿಲಿಗೆ ಅವನು ಈಗಲೂ ಪ್ರತಿದಿನ ಅಟ್ಟೆಯ ದರ ಬರೆದು ಅಂಟಿಸುತ್ತಾನಂತೆ. ಕಲಿತದ್ದು ಶಾಲೆಯಿಂದ ಮನೆಗೆ ದಾಟಿತಲ್ಲ ಎಂದು ನಾನು ಹಿಗ್ಗಿದೆ. “ಹಿಗ್ಗಬೇಡಿ ಟೀಚರ್” ಎಂದರು ಅವರು. “ದರ ಕೇಳಿ ಹೇಳುವವರೆಗೆ ದೋಸೆ ಮುಟ್ಟುವುದಿಲ್ಲ. ಬೆಳಿಗ್ಗೆ ನಾನು ದಿನಾ ಬಾಯಮ್ಮನಿಗೆ ಫೋನ್ ಮಾಡಬೇಕು. ಅವರು ಈಗ ಫೋನ್ ಎತ್ತಿದ ಕೂಡಲೇ ಹಲೋ ಎನ್ನುವುದಿಲ್ಲ, ದರವನ್ನೇ ಹೇಳುತ್ತಾರೆ.”